ಹೆಪ್ಪು ಎತ್ತಿಡುವ ಮೊದಲು

ಹೊಸ ವರ್ಚುವಲ್ ಮಷೀನ್ ಬೇಕಾದಾಗಲೆಲ್ಲ ಮೊದಲಿನಿಂದ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಮುಗಿಯುವವರೆಗೆ ಪರದೆ ನೋಡುತ್ತ ಕೂರುತ್ತೀರಲ್ಲ, ಆ ಅಭ್ಯಾಸ ಬಿಡಿ. ಮನೆಯಲ್ಲಿ ದಿನವೂ ಮೊಸರು ಬೇಕು, ಹಾಗಂತ ಹೆಪ್ಪಿಗಾಗಿ ದಿನವೂ ಪಕ್ಕದ ಮನೆಗೆ ಓಡುತ್ತೇವೆಯೇ? ಒಂದು ಚಮಚ ಎತ್ತಿಟ್ಟಿರುತ್ತೇವೆ. ಟೆಂಪ್ಲೇಟ್ ಅಂದರೆ ಅದೇ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಹೇಳಿದ್ದಾರೆ, ಆ ಒಂದನ್ನು ಶ್ರದ್ಧೆಯಿಂದ ಕಟ್ಟಿ. ವರ್ಚುವಲ್ ಮಷೀನ್ ನಡೆಸುವ ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಅದರ ಮೇಲಿನ ಲಿಬ್‌ವರ್ಟ್, ವರ್ಟ್-ಮ್ಯಾನೇಜರ್ ಎಲ್ಲವೂ ಉಚಿತ. ನೆಪ ಹೇಳಲು ಜಾಗವಿಲ್ಲ.

ಮೂಲ ಮಷೀನನ್ನು ಹಗುರವಾಗಿ ಕಟ್ಟಿ. ಮುಂದೆಂದೋ ಬೇಕಾದೀತು ಅಂತ ಡೇಟಾಬೇಸು, ವೆಬ್ ಸರ್ವರು, ಡೆಸ್ಕ್‌ಟಾಪು ಎಲ್ಲ ತುಂಬಬೇಡಿ. ಎಸ್‌ಎಸ್‌ಎಚ್, ಕ್ಯೂಇಎಂಯು ಗೆಸ್ಟ್ ಏಜೆಂಟ್, ಕ್ಲೌಡ್-ಇನಿಟ್, ಅವತ್ತಿನವರೆಗಿನ ಅಪ್‌ಡೇಟ್‌ಗಳು, ಇಷ್ಟಿದ್ದರೆ ಸಾಕು. ಡಿಸ್ಕ್ ವಿಷಯದಲ್ಲೂ ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಕ್ಯೂಕೌ2 ಡಿಸ್ಕನ್ನು ಆಮೇಲೆ ಹಿಗ್ಗಿಸುವುದು ಸುಲಭ. ಕುಗ್ಗಿಸಲು ಹೋದರೆ ಒಳಗಿನ ಫೈಲ್‌ಸಿಸ್ಟಮ್ಮನ್ನು ಮೊದಲು ಕುಗ್ಗಿಸಬೇಕು, ಅಲ್ಲಿ ಕೈ ತಪ್ಪಿದರೆ ಡೇಟಾ ಹೋಯಿತು. 10 ಜಿಬಿಯಲ್ಲಿ ಶುರುಮಾಡಿ, ಬೇಕಾದ ಕ್ಲೋನನ್ನು ಮಾತ್ರ ಬೆಳೆಸಿಕೊಳ್ಳಿ.

ಇನ್ನು ನೀವೆಲ್ಲ ಅವಸರ ಮಾಡುವ ಜಾಗಕ್ಕೆ ಬರುತ್ತೇನೆ, ಸ್ವಲ್ಪ ನಿಧಾನವಾಗಿ ಕೇಳಿ. ಒಂದು ತರಬೇತಿ ಶಿಬಿರಕ್ಕೆ ನಾನು ಉಬುಂಟು ಸರ್ವರಿನ 20 ಕ್ಲೋನ್ ಎಬ್ಬಿಸಿದ್ದೆ. ಮ್ಯಾಕ್ ವಿಳಾಸಗಳು ಬೇರೆಬೇರೆಯೇ ಇದ್ದವು. ಆದರೂ ಎರಡನೆಯದು ಎದ್ದ ಕೂಡಲೇ ಮೊದಲನೆಯದರ ಐಪಿಯನ್ನೇ ಹಿಡಿದುಕೊಂಡಿತು, ಮೂರನೆಯದೂ ಅದನ್ನೇ. ರಾತ್ರಿಯೆಲ್ಲ ಸ್ವಿಚ್ಚು, ಕೇಬಲ್ಲು, ಡಿಎಚ್‌ಸಿಪಿ ಸರ್ವರ್ ಅಂತ ಹುಡುಕಿದೆ. ಕಾರಣ ಸಿಕ್ಕಿದ್ದು ಇಟಿಸಿ ಫೋಲ್ಡರಿನ ಮಷೀನ್-ಐಡಿ ಎಂಬ ಪುಟ್ಟ ಫೈಲಿನಲ್ಲಿ. 32 ಅಕ್ಷರಗಳ ಆ ಗುರುತನ್ನು ಆಧರಿಸಿಯೇ ಸಿಸ್ಟಮ್‌ಡಿ ತನ್ನನ್ನು ಡಿಎಚ್‌ಸಿಪಿ ಸರ್ವರಿಗೆ ಪರಿಚಯಿಸಿಕೊಳ್ಳುತ್ತದೆ. 20 ಮಷೀನುಗಳೂ ಒಂದೇ ಹೆಸರು ಹೇಳಿದರೆ ಸರ್ವರ್ ತಾನೇ ಏನು ಮಾಡೀತು?

ಹಾಗಾಗಿ ಆ ಫೈಲನ್ನು ಖಾಲಿ ಮಾಡಿ. ಮುಂದಿನ ಬೂಟಿನಲ್ಲಿ ಹೊಸ ಗುರುತು ತಾನಾಗಿ ಹುಟ್ಟುತ್ತದೆ. ಡಿ-ಬಸ್ ಬಳಿ ಅದರ ಇನ್ನೊಂದು ಪ್ರತಿ ಇದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಹಳೆಯದೇ ಅಲ್ಲಿಂದ ವಾಪಸ್ ಬಂದು ಕೂರುತ್ತದೆ.

ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳ ಕಥೆ ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅಲ್ಲಿ ಏನೂ ಮುರಿದಂತೆ ಕಾಣುವುದಿಲ್ಲ. ಎಲ್ಲ ಕ್ಲೋನುಗಳಿಗೂ ಒಂದೇ ಕೀಲಿ ಇದ್ದರೆ, ಒಂದರ ರೂಟ್ ಹಿಡಿದವನು ಉಳಿದ ಯಾವುದರ ವೇಷವನ್ನಾದರೂ ಹಾಕಬಲ್ಲ. ಬೀದಿಯ ಎಲ್ಲ ಮನೆಗೂ ಒಂದೇ ಬೀಗದ ಕೈ ಮಾಡಿಸುತ್ತೀರಾ? ಕೀಲಿಗಳನ್ನು ಅಳಿಸಿ. ಆದರೆ ಡೆಬಿಯನ್‌ನಲ್ಲಿ ಕ್ಲೌಡ್-ಇನಿಟ್ ಇಲ್ಲದಿದ್ದರೆ ಅವು ತಾವಾಗಿ ಮತ್ತೆ ಹುಟ್ಟುವುದಿಲ್ಲ, ಎಸ್‌ಎಸ್‌ಎಚ್ ಏಳದೆ ನೀವು ಹೊರಗೇ ನಿಲ್ಲುತ್ತೀರಿ. ಮೊದಲ ಬೂಟಿನಲ್ಲೇ ಹೊಸ ಕೀಲಿ ಹುಟ್ಟಿಸುವ ಕಮಾಂಡನ್ನು ಮುಂಚೆಯೇ ಸೇರಿಸಿಡಿ.

ಲಾಗುಗಳು, ಶೆಲ್ ಇತಿಹಾಸ, ಹಳೆಯ ಡಿಎಚ್‌ಸಿಪಿ ಲೀಸುಗಳು, ಇವೂ ಹೋಗಬೇಕು. ಇತಿಹಾಸದಲ್ಲಿ ನೀವು ಅವಸರಕ್ಕೆ ಬರೆದ ಪಾಸ್‌ವರ್ಡ್ ಇರುತ್ತದೆ, ಇಲ್ಲ ಅನ್ನಬೇಡಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ತಾಯಿಯಲ್ಲಿ ಉಳಿದ ಕೊಳೆ ಮಕ್ಕಳಿಗೆಲ್ಲ ಹೋಗುತ್ತದೆ.

ಇಷ್ಟನ್ನೂ ಕೈಯಲ್ಲೇ ಮಾಡಲು ಹೋಗಿ ಒಂದನ್ನು ಮರೆಯಬೇಡಿ. ವರ್ಟ್-ಸಿಸ್‌ಪ್ರೆಪ್ ಇರುವುದೇ ಈ ಕೆಲಸಕ್ಕೆ. ಮೂಲ ಮಷೀನನ್ನು ಮುಟ್ಟದೆ ವರ್ಟ್-ಕ್ಲೋನ್‌ನಿಂದ ನಕಲು ತೆಗೆದು, ಆ ನಕಲಿನ ಮೇಲೆ ಅದನ್ನು ಓಡಿಸಿ. ಒಂದು ಎಚ್ಚರ: ಚಾಲೂ ಇರುವ ಮಷೀನಿನ ಮೇಲೆ ಎಂದೂ ಓಡಿಸಬೇಡಿ, ಡಿಸ್ಕ್ ಕೆಡಬಹುದು. ಮೊದಲು ಪೂರ್ತಿ ಶಟ್‌ಡೌನ್ ಆಗಲಿ. ವರ್ಟ್-ಸಿಸ್‌ಪ್ರೆಪ್ ಬಳಕೆದಾರರ ಡಾಟ್-ಎಸ್‌ಎಸ್‌ಎಚ್ ಫೋಲ್ಡರುಗಳನ್ನೂ ಅಳಿಸುತ್ತದೆ, ನಿಮ್ಮ ಕೀಲಿ ಉಳಿಯಬೇಕಿದ್ದರೆ ಅದನ್ನು ಸೇರಿಸಲು ಅದೇ ಕಮಾಂಡಿನಲ್ಲಿ ಆಯ್ಕೆ ಇದೆ. ಇನ್ನು, ತೊಳೆದಿಟ್ಟ ಇಮೇಜನ್ನು ‘ಸರಿಯಿದೆಯಾ ನೋಡೋಣ’ ಅಂತ ಮತ್ತೆ ಬೂಟ್ ಮಾಡಬೇಡಿ! ಬೂಟ್ ಆದ ಕ್ಷಣ ಹೊಸ ಗುರುತು ಅದಕ್ಕೇ ಅಂಟಿತು, ತೊಳೆದದ್ದೆಲ್ಲ ನೀರಲ್ಲಿ ಹೋಮ.

ಈಗ ಕ್ಲೋನುಗಳ ಮಾತು. ಪೂರ್ತಿ ನಕಲು ತೆಗೆದರೆ ಜಾಗ ಹೆಚ್ಚು ಬೇಕು, ಆದರೆ ಪ್ರತಿಯೊಂದೂ ಸ್ವತಂತ್ರ. ಕ್ಯೂಇಎಂಯು-ಇಮೇಜ್‌ನಿಂದ ಟೆಂಪ್ಲೇಟನ್ನೇ ತಳಹದಿಯಾಗಿ ತೋರಿಸಿ ತೆಳು ಪದರ ಮಾಡಿದರೆ, ಹೊಸ ಫೈಲು ಶುರುವಿನಲ್ಲಿ ಕೆಲವು ನೂರು ಕೆಬಿ ಮಾತ್ರ. ಬದಲಾದ ಭಾಗವಷ್ಟೇ ಅದರಲ್ಲಿ ಕೂಡುತ್ತದೆ. ಶಿಬಿರಕ್ಕೆ, ಪರೀಕ್ಷೆಗೆ ನಾನು ಇದನ್ನೇ ಬಳಸುತ್ತೇನೆ. ವರ್ಷಗಟ್ಟಲೆ ನಡೆಯಬೇಕಾದ ಸರ್ವರಿಗೆ ಪೂರ್ತಿ ನಕಲೇ ಸರಿ, ಜಾಗದ ಜಿಪುಣತನ ಅಲ್ಲಿ ಬೇಡ. ತೆಳು ಪದರ ಮಾಡಿದಿರೋ, ತಳಹದಿಯ ಫೈಲು ಒಂದು ಬೈಟ್ ಬದಲಾದರೂ ಮೇಲಿನವೆಲ್ಲ ಕೆಡಬಹುದು. ಬರೆಯುವ ಅನುಮತಿ ತೆಗೆದುಬಿಡಿ. ಲಿಬ್‌ವರ್ಟ್ ಪಟ್ಟಿಯಿಂದಲೂ ಆ ಟೆಂಪ್ಲೇಟ್ ಮಷೀನನ್ನು ಕೈಬಿಡಿ, ಡಿಸ್ಕನ್ನು ಮಾತ್ರ ಉಳಿಸಿ. ಆಗ ಅಪ್ಪಿತಪ್ಪಿ ಸ್ಟಾರ್ಟ್ ಒತ್ತುವವರೂ ಇರುವುದಿಲ್ಲ.

ಟೆಂಪ್ಲೇಟ್ ಹಳತಾಗುತ್ತದೆ ಎಂಬುದನ್ನೂ ಮರೆಯಬೇಡಿ. ಹೆಪ್ಪು ಹುಳಿಯಾದರೆ ಮೊಸರೂ ಹುಳಿ. ಆರು ತಿಂಗಳ ಹಿಂದಿನ ಟೆಂಪ್ಲೇಟಿನಿಂದ ಎದ್ದ ಕ್ಲೋನ್, ಆರು ತಿಂಗಳ ಭದ್ರತಾ ತೂತುಗಳನ್ನು ಹೊತ್ತೇ ಹುಟ್ಟುತ್ತದೆ. ತಿಂಗಳಿಗೊಮ್ಮೆ ಮೂಲ ಮಷೀನನ್ನು ಎಬ್ಬಿಸಿ, ಅಪ್‌ಡೇಟ್ ಮಾಡಿ, ಮತ್ತೆ ನಕಲು ತೆಗೆದು ತೊಳೆಯಿರಿ. ಹಳೆಯ ಫೈಲಿನ ಮೇಲೆ ಬರೆಯದೆ ತಿಂಗಳು, ವರ್ಷ ಸೇರಿಸಿ ಹೊಸ ಹೆಸರು ಕೊಡಿ. ‘ಫೈನಲ್’, ‘ನ್ಯೂ ಫೈನಲ್’ ಅಂತ ಹೆಸರಿಡುವುದನ್ನು ನಿಲ್ಲಿಸಿ ದಯವಿಟ್ಟು. ಹಳೆಯದನ್ನು ಅಳಿಸುವ ಮುಂಚೆ ಅದರ ಮೇಲೆ ಯಾವ ಪದರವೂ ಉಳಿದಿಲ್ಲವೆಂದು ನೋಡಿಕೊಳ್ಳಿ. ಒಂದೊಂದು ಕ್ಲೋನಿನ ತಳಹದಿ ಯಾವುದೆಂದು ಕ್ಯೂಇಎಂಯು-ಇಮೇಜ್ ಹೇಳುತ್ತದೆ, ಕೇಳುವ ವ್ಯವಧಾನ ನಿಮಗಿರಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಹೊಸ ಟೆಂಪ್ಲೇಟ್ ಸಿದ್ಧವಾಯಿತೆಂದು ಒಟ್ಟಿಗೇ 30 ಎಬ್ಬಿಸಬೇಡಿ. ಮೊದಲು ಎರಡೇ ಎಬ್ಬಿಸಿ. ಅಕ್ಕಪಕ್ಕ ಇಟ್ಟುಕೊಂಡು ಹೋಸ್ಟ್‌ನೇಮ್, ಐಪಿ, ಮಷೀನ್-ಐಡಿ, ಎಸ್‌ಎಸ್‌ಎಚ್ ಬೆರಳಚ್ಚು, ನಾಲ್ಕೂ ಬೇರೆಬೇರೆ ಇವೆಯೇ ನೋಡಿ. ಎರಡನ್ನೂ ಒಮ್ಮೆ ರೀಬೂಟ್ ಮಾಡಿ ಮತ್ತೆ ನೋಡಿ. ಆಮೇಲೆ ಎಷ್ಟು ಬೇಕೋ ಅಷ್ಟು ಎಬ್ಬಿಸಿಕೊಳ್ಳಿ.