ಮತದಾರರ ಯಾದಿಯೂ ಚುನಾವಣಾ ಅಧಿಕಾರಿಗಳೂ

ಚುನಾವಣೆಯೆಂದರೆ ಮತದಾನದ ದಿನವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಯಾದಿಯಲ್ಲಿ ಹೆಸರಿಲ್ಲದವನು ಮತಗಟ್ಟೆಯಿಂದ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದುದರಿಂದ ಪ್ರಜಾಪ್ರಭುತ್ವದ ರಕ್ಷಣೆಯು ಯಾದಿಯ ರಕ್ಷಣೆಯಿಂದಲೇ ಆರಂಭವಾಗತಕ್ಕದ್ದು.

ಸಂವಿಧಾನದ 324ನೆಯ ವಿಧಿಯು ಯಾದಿಯ ಮೇಲ್ವಿಚಾರಣೆಯನ್ನು ಚುನಾವಣಾ ಆಯೋಗಕ್ಕೆ ಒಪ್ಪಿಸಿದೆ. ಆದರೆ ಆ ಕೆಲಸವನ್ನು ಊರೂರಲ್ಲಿ ನಡೆಸುವವರು ಬಹುತೇಕ ರಾಜ್ಯ ಸರಕಾರದ ನೌಕರರೇ. ಮನೆಮನೆಗೆ ಹೋಗಿ ಹೆಸರುಗಳನ್ನು ತಾಳೆ ನೋಡುವವರಲ್ಲಿ ಶಾಲಾ ಶಿಕ್ಷಕರೂ ಅಂಗನವಾಡಿ ಕಾರ್ಯಕರ್ತೆಯರೂ ಇರುತ್ತಾರೆ.

ಇವರ ಕೆಲಸದ ಬೆಲೆಯನ್ನು ಕಲಬುರ್ಗಿ ಜಿಲ್ಲೆಯ ಆಳಂದ ಕ್ಷೇತ್ರವು ತೋರಿಸಿಕೊಟ್ಟಿತು. 2022ರ ಡಿಸೆಂಬರಿನಲ್ಲಿ ಅಲ್ಲಿಯ ಯಾದಿಯಿಂದ ಹೆಸರು ತೆಗೆಯಬೇಕೆಂದು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಸಂಖ್ಯೆಯನ್ನು ಕಂಡೇ ಅಧಿಕಾರಿಗಳಿಗೆ ಸಂದೇಹ ಹುಟ್ಟಿತು. ಒಂದೊಂದು ಅರ್ಜಿಯನ್ನೂ ಸ್ಥಳದಲ್ಲಿ ಪರಿಶೀಲಿಸಲಾಗಿ, ಸರಿಯಾದವು ಕೇವಲ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರುವರಿ 21ರಂದು ಪೊಲೀಸರಲ್ಲಿ ಪ್ರಕರಣವೂ ದಾಖಲಾಯಿತು. ಕಾಗದವನ್ನೇ ನಂಬಿ ಸಹಿ ಹಾಕಿದ್ದರೆ, ಸಾವಿರಾರು ಜನರು ತಮಗೆ ಅರಿವಿಲ್ಲದೆಯೇ ಮತಹೀನರಾಗುತ್ತಿದ್ದರು.

ಈ ಪಾಠ ನಮ್ಮ ಜಿಲ್ಲೆಗೂ ಅನ್ವಯಿಸುತ್ತದೆ. ಮಳೆ ಕೈಕೊಟ್ಟ ವರ್ಷ ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಕಡೆಯಿಂದ ದುಡಿಯಲು ಗೋವೆಗೆ ಹೋಗುವವರುಂಟು. ಮನೆಗೆ ಬೀಗ ಬಿದ್ದ ಮಾತ್ರಕ್ಕೆ ಅವರು ಊರು ತೊರೆದರೆಂದಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯದೆಯ ಪ್ರಕಾರ, ವಾಸ ಬಿಟ್ಟರೆಂಬ ಕಾರಣದಿಂದ ಹೆಸರು ತೆಗೆಯುವ ಮುನ್ನ ಅವರ ಮಾತನ್ನು ಕೇಳಲು ಅವಕಾಶ ಕೊಡಲೇಬೇಕು.

ಓದು ಬಲ್ಲ ನಾವು ಕರಡು ಯಾದಿಯನ್ನು ತೆಗೆದು ನೋಡಿ, ದೂರ ಹೋದ ನೆರೆಯವರ ಸಂಗತಿಯನ್ನು ಅಧಿಕಾರಿಗೆ ತಿಳಿಸಬಹುದು. ಕಾಯದೆಗೆ ಕಣ್ಣಾಗುವುದು ಇಂತಹ ವಿಚಾರಣೆಯೇ.