ಅವಧಾನವೂ ದಿನಚರಿಯೂ

‘ಅವಧಾನ’ವೆಂಬ ಶಬ್ದವು ‘ಅವ’ ಎಂಬ ಉಪಸರ್ಗದೊಡನೆ ಕೂಡಿದ ‘ಧಾ’ ಧಾತುವಿನಿಂದ ನಿಷ್ಪನ್ನವಾದುದು. ‘ಧಾ’ ಎಂದರೆ ಇಡು, ನೆಲೆಗೊಳಿಸು. ಮನಸ್ಸನ್ನು ಒಂದೆಡೆಯಲ್ಲಿ ಇಡುವುದೇ ಅವಧಾನ. ಈ ಇಡುವ ಕಾರ್ಯವೇ ಕೆಲವರಿಗೆ ಬಾಲ್ಯದಿಂದ ದುಸ್ತರವಾಗಿರುತ್ತದೆ. ವೈದ್ಯಶಾಸ್ತ್ರವು ಈ ಸ್ಥಿತಿಯನ್ನು ಎ.ಡಿ.ಎಚ್.ಡಿ. ಎಂದು ಕರೆಯುತ್ತದೆ, ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ಈ ಹೆಸರು 1987ರಲ್ಲಿ ಬಂದುದಾದರೂ ಇಂಥ ಮಕ್ಕಳನ್ನು ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಅವರು 1902ರ ತಮ್ಮ ಉಪನ್ಯಾಸಗಳಲ್ಲಿಯೇ ವರ್ಣಿಸಿದ್ದರು.

ಹೆಸರಿನಲ್ಲಿ ‘ಕೊರತೆ’ ಎಂದಿರುವುದು ಅಷ್ಟು ಸಮರ್ಪಕವಲ್ಲ. ಬೈಲಹೊಂಗಲದ ಒಂದು ಗ್ಯಾರೇಜಿನಲ್ಲಿ ಊಟದ ಪರಿವೆಯಿಲ್ಲದೆ ಸಂಜೆಯವರೆಗೆ ಟ್ರ್ಯಾಕ್ಟರಿನ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ಹುಡುಗನೇ ಸಂಧಿಪ್ರಕರಣವನ್ನು ಅರ್ಧ ತಾಸು ಓದಲಾರನು. ಅವನಲ್ಲಿ ಅವಧಾನವಿದೆ, ಅದರ ಕಡಿವಾಣ ಅವನ ಕೈಯಲ್ಲಿಲ್ಲ. ರುಚಿಸಿದ್ದು, ಹೊಸದು, ಕೂಡಲೆ ಫಲ ಕೊಡುವುದು ಅವನನ್ನು ಹಿಡಿದು ನಿಲ್ಲಿಸುತ್ತವೆ. ಫಲ ದೂರವಿದ್ದರೆ ಮನಸ್ಸು ಜಾರುತ್ತದೆ. ಇದನ್ನು ಕಂಡ ಹಿರಿಯರು ‘ಮನಸ್ಸು ಮಾಡಿದರೆ ಆಗುತ್ತದೆ, ಇವನು ಉಡಾಳ’ ಎಂದು ತೀರ್ಮಾನಿಸುವುದು ಸಹಜ. ಆದರೆ ಆ ತೀರ್ಮಾನ ತಪ್ಪು. ಇದು ಬಹುಮಟ್ಟಿಗೆ ವಂಶಾನುಗತವಾಗಿ ಬರುವ, ಮೆದುಳಿನ ನಿಯಂತ್ರಣಕ್ಕೆ ಸಂಬಂಧಿಸಿದ ಸ್ಥಿತಿ. ಛಡಿಯೇಟಿನಿಂದ ಇದು ಗುಣವಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿಯೂ ಇದೆ. ಗದ್ದಲ ಮಾಡುವ ಗಂಡುಹುಡುಗನಾದರೆ ಗುರುಗಳ ಕಣ್ಣಿಗಾದರೂ ಬೀಳುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹೆಣ್ಣುಮಗಳು ‘ದಡ್ಡಿ’ ಎಂಬ ಹೆಸರನ್ನು ಹೊತ್ತು ಶಾಲೆಯನ್ನೇ ಬಿಟ್ಟುಬಿಡುವುದುಂಟು.

ಹಾಗೆಂದು ಚಂಚಲರೆಲ್ಲ ಈ ವರ್ಗಕ್ಕೆ ಸೇರಿದವರಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು. ಆರು ತಿಂಗಳಾದರೂ ಉಳಿದಿರಬೇಕು. ಮನೆ ಶಾಲೆಗಳೆರಡರಲ್ಲಿಯೂ ಬಾಧಿಸುತ್ತಿರಬೇಕು. ನಿದ್ದೆಗೇಡು, ಕಿವಿಯ ಮಾಂದ್ಯ, ಮನೆಯೊಳಗಿನ ದುಃಖ ಇವೂ ಇದೇ ವೇಷದಲ್ಲಿ ಕಾಣಿಸಬಹುದಾದ್ದರಿಂದ ನಿರ್ಣಯವು ವೈದ್ಯರದೇ ಆಗತಕ್ಕದ್ದು.

ಇಂಥವರಿಗೆ ದಿನಚರಿಯಲ್ಲಿ ನೆರವಾಗುವುದೇನು? ಉತ್ತರವು ಧಾತ್ವರ್ಥದಲ್ಲಿಯೇ ಇದೆ. ಒಳಗೆ ಇಡಲಾಗದುದನ್ನು ಹೊರಗೆ ಇಡಬೇಕು. ಸೆರಗಿಗೆ ಗಂಟು ಹಾಕಿಕೊಂಡು ಸಂತೆಗೆ ಹೋಗುವ ತಾಯಿ ಈ ವಿದ್ಯೆಯನ್ನು ಬಲ್ಲವಳೇ. ಶೂನ್ಯಸಂಪಾದನೆಯಲ್ಲಿ ಆಯ್ದಕ್ಕಿ ಮಾರಯ್ಯನು ಶರಣರ ಗೋಷ್ಠಿಯಲ್ಲಿ ತಲ್ಲೀನನಾಗಿ ಅಕ್ಕಿ ಆಯುವ ಕಾಯಕವನ್ನೇ ಮರೆತಾಗ ಅವನನ್ನು ಎಚ್ಚರಿಸಿದವಳು ಲಕ್ಕಮ್ಮ. ಮಾರಯ್ಯನಿಗೆ ಇಂದಿನ ರೋಗನಾಮವನ್ನು ಅಂಟಿಸುವುದು ಅವಿವೇಕವಾದೀತು. ಆದರೆ ಲಕ್ಕಮ್ಮನು ಜರೆಯದೆ, ಬಿಡಿಸಿ ಹೇಳಿ ಕಾಯಕಕ್ಕೆ ಕಳಿಸಿದ ರೀತಿ ಗಮನಾರ್ಹ. ಮರೆತವನಿಗೆ ಬೇಕಾದುದು ನಿಂದೆಯಲ್ಲ, ಸಕಾಲದ ನೆನಪು.

ಇವರಿಗೆ ಅತ್ಯಂತ ಕಷ್ಟವಾದುದು ಕಾಲದ ಅಳತೆ. ‘ಈಗ’ ಮತ್ತು ‘ಈಗಲ್ಲ’ ಎಂಬ ಎರಡೇ ಕಾಲಗಳು ಇವರ ವ್ಯಾಕರಣದಲ್ಲಿ! ಮಾರ್ಚಿಯ ಪರೀಕ್ಷೆಯು ಫೆಬ್ರುವರಿಯ ಕೊನೆಯವರೆಗೂ ‘ಈಗಲ್ಲ’ವೇ. ಸವದತ್ತಿಯ ಎರೆಭೂಮಿಯ ರೈತನು ವರ್ಷವನ್ನು ಇಡಿಯಾಗಿ ಹೊತ್ತುಕೊಳ್ಳುವುದಿಲ್ಲ. ಇಪ್ಪತ್ತೇಳು ನಕ್ಷತ್ರಗಳಾಗಿ ಒಡೆಯುತ್ತಾನೆ. ಸೂರ್ಯನು ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನವಿರುತ್ತಾನೆ. ಉತ್ತರಿ, ಹಸ್ತಿ, ಚಿತ್ತಿ ಎಂದು ಮಳೆಯ ಹೆಸರು ಹಿಡಿದೇ ಹಿಂಗಾರಿ ಜೋಳದ ಬಿತ್ತನೆಯ ಹದ ನೋಡುತ್ತಾನೆ. ವಿದ್ಯಾರ್ಥಿಯೂ ಹಾಗೆಯೇ ಒಡೆಯಬೇಕು. ‘ಗಣಿತ ಓದುವುದು’ ಎಂದು ಬರೆದರೆ ಎಲ್ಲಿ ತೊಡಗಬೇಕೆಂಬುದೇ ತೋಚದು; ‘ಊಟಕ್ಕೆ ಮೊದಲು ಮೂರು ಲೆಕ್ಕ’ ಎಂದು ಬರೆದರೆ ಕೈ ಹತ್ತುತ್ತದೆ. ಇಪ್ಪತ್ತು ನಿಮಿಷಕ್ಕೆ ಗಡಿಯಾರದ ಗಂಟೆಯಿಟ್ಟು ಓದಿ, ಐದು ನಿಮಿಷ ಅಂಗಳದಲ್ಲಿ ಓಡಾಡಿ ಬರುವುದು ಲೇಸು. ಮರುದಿನದ ಕೆಲಸಗಳನ್ನು ರಾತ್ರಿಯೇ ಪಾಟಿಯ ಮೇಲೆ ಬರೆದಿಡಬೇಕು, ಮೂರಕ್ಕೆ ಮೀರದಂತೆ. ಬಸ್ ಪಾಸು, ಪೆನ್ನು, ಕೀಲಿಕೈಗಳಿಗೆ ಬಾಗಿಲ ಬಳಿಯ ಒಂದೇ ಮಾಡ ಗೊತ್ತಿರಬೇಕು. ಮೊಬೈಲು ಓದಿನ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಬೇಕು.

ಒಬ್ಬನೇ ಕುಳಿತಾಗ ಸಾಗದ ಓದು ಮತ್ತೊಬ್ಬನು ಪಕ್ಕದಲ್ಲಿ ತನ್ನ ಪಾಡಿಗೆ ಓದುತ್ತಿದ್ದರೆ ಸಾಗುವುದುಂಟು. ಮಠದ ಪ್ರಸಾದನಿಲಯಗಳ ಸಾಮೂಹಿಕ ಅಧ್ಯಯನ, ಗಂಟೆಗೆ ಸರಿಯಾದ ಪ್ರಸಾದ, ನಿಗದಿತ ನಿದ್ರೆ ಇವು ಇಂಥ ಮಕ್ಕಳಿಗೆ ಊರುಗೋಲಾಗುತ್ತವೆ. ಗಂಟೆಯ ದನಿಯು ಬೈಗುಳದೊಡನೆ ಬರಬಾರದಷ್ಟೆ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ಸಾಧನೆಯನ್ನೂ ಇವರಿಗೆ ಎರಡು ಮೂರು ನಿಮಿಷಗಳಿಂದಲೇ ತೊಡಗಿಸುವುದು ಯುಕ್ತ. ಅದು ಸಾಧನೆ, ಚಿಕಿತ್ಸೆಗೆ ಬದಲಿಯಲ್ಲ.

ರಾಮದುರ್ಗದ ಮಗ್ಗದ ಮುಂದೆ ಕುಳಿತ ನೇಕಾರನಿಗೆ ಎಳೆ ಕಡಿದುದು ತಕ್ಷಣ ಕಾಣುತ್ತದೆ. ಅಲ್ಲಿಯೇ ಗಂಟಿಕ್ಕಿ ಮುಂದುವರಿಯುತ್ತಾನೆ. ಈ ಮಕ್ಕಳಿಗೂ ತಪ್ಪು ಒಪ್ಪುಗಳು ಅಂದಂದೇ ತಿಳಿಯಬೇಕು. ವರ್ಷಾಂತ್ಯದ ಅಂಕಪಟ್ಟಿಗಿಂತ ಈ ಹೊತ್ತಿನ ಒಂದು ‘ಶಾಭಾಸ್’ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟಾದರೂ ಸಾಲದಾದಾಗ ಔಷಧವುಂಟು. ಮಿಥೈಲ್‌ಫೆನಿಡೇಟ್ ಮೊದಲಾದವನ್ನು ತಜ್ಞರ ಚೀಟಿಯಿಲ್ಲದೆ ಕೊಡಲಾಗದು; ಅವರ ನಿಗಾದಲ್ಲಿ ಅನೇಕರಿಗೆ ಅವು ಉಪಕಾರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಕಿತ್ತೂರಿನಿಂದ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ವಿಚಾರಿಸಬಹುದು. ಹುಚ್ಚಿನ ದವಾಖಾನೆಯೆಂಬ ಹಳೆಯ ಅಂಜಿಕೆಯಿಂದ ಹಿಂಜರಿದು ಮಗುವಿನ ನಾಲ್ಕಾರು ವರ್ಷಗಳನ್ನು ಕಳೆಯುವುದು ದೊಡ್ಡ ನಷ್ಟ.

ಅನೇಕರಲ್ಲಿ ಈ ತೊಂದರೆಯು ಪ್ರೌಢವಯಸ್ಸಿಗೂ ಉಳಿಯುತ್ತದೆ. ಮಗನ ಲಕ್ಷಣಗಳನ್ನು ವೈದ್ಯರು ಒಂದೊಂದಾಗಿ ಕೇಳುತ್ತಿರುವಾಗ, ಅರ್ಧಕ್ಕೆ ನಿಂತ ಕೆಲಸಗಳನ್ನೂ ಕಳೆದುಹೋದ ಪಾವತಿಗಳನ್ನೂ ನೆನೆದು ತಂದೆಯೇ ತನ್ನನ್ನು ಗುರುತಿಸಿಕೊಳ್ಳುವುದುಂಟು. ಮಗನಿಗಾಗಿ ಗೋಡೆಗೆ ತೂಗುಹಾಕಿದ ಪಾಟಿಯ ಕೆಳಗಿನ ಸಾಲಿನಲ್ಲಿ ಸೊಸೈಟಿ ಸಾಲದ ಕಂತಿನ ದಿನಾಂಕಕ್ಕೂ ಸ್ಥಳವಿರುತ್ತದೆ.