ಜಾಲಿಗಿಡದ ಕೆಳಗಿನ ನಿದ್ದೆ

ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಮಾನ್ವಿ ಕಡೆಯ ಒಬ್ಬ ಹುಡುಗ, ರಾಯಚೂರಲ್ಲಿ ರೂಮ್ ಮಾಡ್ಕೊಂಡು ಓದ್ತಿದ್ದ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಬಂದು, "ಪಾಸ್ಟರ್, ತಿಂಗಳಾತು, ರಾತ್ರಿ ಮೂರರ ತನಕ ನಿದ್ದಿನೇ ಬರವಲ್ದು" ಅಂದ. ನಾನು ಏನಂದೆ ಗೊತ್ತಾ? "ಒಳ್ಳೇದೇ ಆಯ್ತಲ್ಲ, ಎದ್ದು ಪ್ರಾರ್ಥನೆ ಮಾಡು." ಸುತ್ತ ಇದ್ದೋರು ನಕ್ಕರು, ಅವನೂ ನಕ್ಕ. ಆರು ತಿಂಗಳಲ್ಲಿ ಕಾಲೇಜು ಬಿಟ್ಟ, ಸರಿಯಾಗಿ ಊಟ ಮಾಡೋದು ಬಿಟ್ಟ, ಸಭೆಗೆ ಬರೋದೂ ಬಿಟ್ಟ. ಅವನ ತಾಯಿ ಫೋನ್ ಮಾಡಿ ಅತ್ತಾಗ ನನಗೆ ಆ ಭಾನುವಾರ ನೆನಪಾಯ್ತು.

ಮನಸ್ಸು ಕುಗ್ಗಿದ್ರೆ ನಿದ್ದೆ ಹೋಗುತ್ತೆ ಅಂತ ನಾವು ತಿಳ್ಕೊಂಡಿದ್ದೀವಿ. ಅದು ಅರ್ಧ ಮಾತ್ರ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿದ ಸಾವಿರಕ್ಕೂ ಹೆಚ್ಚು ವೈದ್ಯ ವಿದ್ಯಾರ್ಥಿಗಳನ್ನು ಸಂಶೋಧಕರು ದಶಕಗಳ ಕಾಲ ಗಮನಿಸ್ತಾ ಬಂದ್ರು. ಓದುವಾಗಲೇ ನಿದ್ದೆಯ ತೊಂದರೆ ಇದ್ದವರಿಗೆ ಮುಂದೆ ಖಿನ್ನತೆ ಬರುವ ಅಪಾಯ ಉಳಿದವರಿಗಿಂತ ಎರಡು ಪಟ್ಟು ಅಂತ 1997ರಲ್ಲಿ ಪ್ರಕಟಿಸಿದ್ರು. 2011ರಲ್ಲಿ ಇಂಥ 21 ಅಧ್ಯಯನಗಳನ್ನು ಸೇರಿಸಿ ನೋಡಿದಾಗಲೂ ಸುಮಾರು ಅಷ್ಟೇ ಬಂತು. ನಿದ್ದೆಗೆಟ್ಟ ಮೆದುಳಿನಲ್ಲಿ ಭಯ ಹುಟ್ಟಿಸುವ ಭಾಗ ಜೋರಾಗುತ್ತೆ, ಅದನ್ನ ಹಿಡಿದಿಡುವ ಭಾಗ ಸಡಿಲಾಗುತ್ತೆ. ಎಲ್ಲರಿಗೂ ಖಿನ್ನತೆ ಬಂದೇ ಬರುತ್ತೆ ಅಂತಲ್ಲ, ಹೆದರಬೇಡಿ.

ಎಲೀಯನನ್ನ ನೋಡ್ರಿ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದದ್ದನ್ನ ಕಣ್ಣಾರೆ ಕಂಡ ಪ್ರವಾದಿ. ಆಮೇಲೆ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಜಾಲಿಗಿಡದ ಕೆಳಗೆ ಕೂತು, ಸಾಯ್ತೀನಿ ಅಂದ. ದೇವದೂತ ಬಂದು ನಂಬಿಕೆ ಸಾಲದು ಅಂತ ಬೈದನಾ? ಇಲ್ಲ. ತಿನ್ನೋಕೆ ರೊಟ್ಟಿ, ಕುಡಿಯೋಕೆ ನೀರು ಕೊಟ್ಟ. ಮತ್ತೆ ಮಲಗೋಕೆ ಬಿಟ್ಟ. ಎಲೀಯ ಎರಡು ಸಲ ಮಲಗಿ, ಎರಡು ಸಲ ಉಂಡ ಮೇಲೇ ಹೋರೇಬಿನ ದಾರಿ ಹಿಡಿದದ್ದು. ನಾನು ಆ ಹುಡುಗನಿಗೆ ರೊಟ್ಟಿನೂ ಕೊಡಲಿಲ್ಲ, ಮಲಗೋಕೂ ಬಿಡಲಿಲ್ಲ.

ಶಕ್ತಿನಗರದಲ್ಲಿ ನೈಟ್ ಶಿಫ್ಟ್ ಮಾಡೋರು, ರಾತ್ರಿ ಹೊಲಕ್ಕೆ ಕಾಲುವೆ ನೀರು ಕಟ್ಟೋರು ನಮ್ಮಲ್ಲಿದ್ದಾರೆ, ಅವರ ಕಷ್ಟ ಬೇರೆ. ಮೇ ತಿಂಗಳ ಸೆಕೆ ಬೇರೆ. ಆದ್ರೆ ಒಂದು ಗಂಟೆ ತನಕ ರೀಲ್ಸ್ ನೋಡೋದಕ್ಕೆ ರಾಯಚೂರಿನ ಬಿಸಿಲು ಕಾರಣ ಅಲ್ಲ ಕಣ್ರಪ್ಪಾ! ಫೋನು ಬೇರೆ ಕೋಣೆಯಲ್ಲಿ ಇಡ್ರಿ. ಸಂಜೆ ಮೇಲೆ ಚಹಾ ಬಿಡ್ರಿ. ರಾತ್ರಿ ಎಷ್ಟೊತ್ತಿಗೆ ಮಲಗಿದ್ರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳ್ರಿ.

ಇಷ್ಟು ಮಾಡಿದ್ರೂ ವಾರಗಟ್ಟಲೆ ನಿದ್ದೆ ಬರದಿದ್ರೆ ಡಾಕ್ಟರ್ ಹತ್ರ ಹೋಗ್ರಿ. ಮಾತ್ರೆ ಇಲ್ಲದೆ, ಮಲಗುವ ಅಭ್ಯಾಸ ತಿದ್ದಿ ಕೊಡುವ ಚಿಕಿತ್ಸೆಯೂ ಇದೆ. ರಿಮ್ಸ್‌ನಲ್ಲಿ ಮಾನಸಿಕ ವಿಭಾಗ ಇದೆ. ದೇವದುರ್ಗ, ಮಾನ್ವಿಯವರು ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಕೇಳ್ರಿ. ಸಾಯೋ ವಿಚಾರ ಬಂದ್ರೆ ಮಂಗಳವಾರದ ತನಕ ಕಾಯಬ್ಯಾಡ್ರಿ. ಆಗಲೇ 14416ಕ್ಕೆ ಫೋನ್ ಮಾಡ್ರಿ. ಅದು ಟೆಲಿ ಮಾನಸ್, ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ಆ ಹುಡುಗ ಈಗ ಚಿಕಿತ್ಸೆ ತಗೋತಿದ್ದಾನೆ. ಹೋದ ತಿಂಗಳು ಬಂದು ಹಿಂದಿನ ಬೆಂಚಲ್ಲಿ ಕೂತಿದ್ದ. ನಾನು ಎಲ್ಲರ ಮುಂದೆ ಅವನ ಹತ್ರ ಕ್ಷಮೆ ಕೇಳಿದೆ.

ಇನ್ಮೇಲೆ ನಮ್ಮ ಶುಕ್ರವಾರದ ರಾತ್ರಿ ಪ್ರಾರ್ಥನೆ ಹತ್ತಕ್ಕೆ ಮುಗಿಯುತ್ತೆ. ಈಗ ತಲೆಬಾಗೋಣ. ನಿದ್ದೆ ಬರದವರು ಕೈ ಎತ್ತೋದು ಬೇಡ, ಆಮೇಲೆ ನನ್ನ ಹತ್ರ ಬರ್ರಿ. ಈ ಸಲ ನಗಲ್ಲ.